ಹನ್ನೊಂದು ಇಂಚಿಗೆ ನಿಂತ ತೋಳು

ಮೊನ್ನೆ ರಾತ್ರಿ ಕೊನೆಯ ಪುಟ ಪ್ರೆಸ್ಸಿಗೆ ಹೋದ ಮೇಲೆ ಡೆಸ್ಕಿನಲ್ಲೇ ಕೂತು ಬ್ಯಾಗಿನಿಂದ ಉಲ್ಲನ್ನು, ಕಡ್ಡಿ ಹೊರಗೆ ತೆಗೆದೆ. ಪೇಜ್ ಮಾಡುವ ಹುಡುಗ ಒಂದು ನಿಮಿಷ ನೋಡಿದ. ‘ಸಾರ್, ಮನೇಲಿ ಏನಾದ್ರೂ ವಿಶೇಷನಾ?’ ಅಂದ. ಗಂಡಸು ಸ್ವೆಟರ್ ಹಾಕಲು ಕೂತಿದ್ದಾನೆ ಅಂದ್ರೆ ಮನೆಗೆ ಮಗು ಬರ್ತಿದೆ ಅಂತಲೇ ಲೆಕ್ಕ. ವಿಶೇಷ ಏನಿಲ್ಲ ಮಾರಾಯ, ನನ್ನದೇ ಸ್ವೆಟರ್, ಹದಿನೆಂಟು ವರ್ಷದಿಂದ ಬಾಕಿ ಇದೆ ಅಂದೆ. ಅವನು ನಕ್ಕು ಬೈಕಿನ ಕೀ ಹುಡುಕತೊಡಗಿದ.

ನಮ್ಮೂರು ಹೊಸನಗರದ ಕಡೆ. ಮಳೆಗಾಲದಲ್ಲಿ ಬಟ್ಟೆ ಒಣಗೋದು ಒಲೆಯ ಮೇಲೆ, ಮನುಷ್ಯರು ಒಣಗೋದು ಒಲೆಯ ಮುಂದೆ. ಆ ನಾಲ್ಕು ತಿಂಗಳು ಅಮ್ಮನ ಕೈಯಲ್ಲಿ ಕಡ್ಡಿ ಇಲ್ಲದೆ ಇದ್ದದ್ದನ್ನು ನಾನು ನೋಡಿಲ್ಲ. ನಮಗೆ, ಅತ್ತೆ ಮಕ್ಕಳಿಗೆ, ಆಮೇಲೆ ಉಲ್ಲನ್ ತಂದುಕೊಟ್ಟು ಮಜೂರಿ ಕೊಡುವ ಅಕ್ಕಪಕ್ಕದವರಿಗೆ. ಹೈಸ್ಕೂಲಿನಲ್ಲಿ ನನ್ನ ಮೆರೂನ್ ಸ್ವೆಟರ್ ನೋಡಿ ಹುಡುಗರು ಇಟ್ಟ ಹೆಸರು ‘ಕಂಬಳಿಹುಳ’. ಮೂರು ವರ್ಷ ಆ ಹೆಸರು ಬಿಡಲಿಲ್ಲ.

2006ರಲ್ಲಿ ಡಿಗ್ರಿಗೆ ಅಂತ ಹಾಸ್ಟೆಲಿಗೆ ಹೊರಟಾಗ ಅಮ್ಮ ಬಾಟಲ್ ಗ್ರೀನ್ ಬಣ್ಣದ್ದೊಂದು ಶುರು ಮಾಡಿದ್ದಳು. ಮುಂದಿನ ಭಾಗ, ಹಿಂದಿನ ಭಾಗ ಮುಗಿದು ಒಂದು ತೋಳು ಅರ್ಧಕ್ಕೆ ಬಂದಿತ್ತು. ‘ಅಲ್ಲಿ ಇಂಥದ್ದನ್ನ ಯಾರೂ ಹಾಕಲ್ಲಮ್ಮ, ದುಡ್ಡು ಕೊಡು, ಜಾಕೆಟ್ ತಗೋತೀನಿ’ ಅಂದೆ. ಅವಳು ಏನೂ ಅನ್ನಲಿಲ್ಲ. ದುಡ್ಡು ಕೊಟ್ಟಳು. ಜಾಕೆಟ್ಟಿನ ಜಿಪ್ಪು ಎರಡನೇ ವರ್ಷಕ್ಕೇ ಕಿತ್ತು ಬಂತು.

ಹೋದ ದೀಪಾವಳಿಗೆ ಅಟ್ಟದ ಟ್ರಂಕು ಇಳಿಸಿದಾಗ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವೂ ಹಾಗೇ ಸಿಕ್ಕಿತು. ತೋಳು ಇನ್ನೂ ಕಡ್ಡಿಯ ಮೇಲೇ ಇತ್ತು. ಟೇಪು ಹಿಡಿದರೆ ಹನ್ನೊಂದು ಇಂಚು. ಅದೇ ಟ್ರಂಕಿನಲ್ಲಿದ್ದ ಅಜ್ಜನ ಕಾಲದ ಕಂಬಳಿಗೆ ಹುಳ ಹೊಡೆದು ಜರಡಿ ಆಗಿತ್ತು. ಸ್ವೆಟರಿಗೆ ಒಂದು ತೂತೂ ಇಲ್ಲ. ಪೇಟೆಯಲ್ಲಿ ನಾವು ಉಲ್ಲನ್ ಅಂತ ಕೊಳ್ಳುವುದು ಬಹುಪಾಲು ಲೂಧಿಯಾನಾ ಕಡೆಯ ಅಕ್ರಿಲಿಕ್ ದಾರ. ಅದರಲ್ಲಿ ಕುರಿಯ ಒಂದು ಕೂದಲೂ ಇರಲ್ಲ, ಹಾಗಾಗಿ ಹುಳಕ್ಕೂ ಬೇಡ.

ಅಮ್ಮನಿಗೆ ಈಗ ಸಂಧಿವಾತ. ಬೆಳಗ್ಗೆ ಲೋಟ ಹಿಡಿಯುವುದಕ್ಕೂ ಸ್ವಲ್ಪ ಹೊತ್ತು ಬೇಕು. ‘ನಾನು ಮುಗಿಸ್ಲಾ?’ ಅಂತ ಕೇಳಿದೆ. ‘ನೀನಾ? ಗುಂಡಿ ಹಾಕ್ಕಳಕ್ಕೆ ಬರಲ್ಲ ನಿಂಗೆ’ ಅಂದಳು. ಆದರೂ ಕವರನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ.

ಪಾಠ ವಿಡಿಯೋ ಕಾಲಿನಲ್ಲಿ. ಮೊದಲು ಮಫ್ಲರು. ನಲವತ್ತು ಕುಣಿಕೆ ಹಾಕಿ ಶುರು ಮಾಡಿದ್ದು ಒಂದು ಗೇಣು ಆಗುವಷ್ಟರಲ್ಲಿ ನಲವತ್ತೇಳಾಗಿತ್ತು! ಮಫ್ಲರು ಹೋಗಿ ಮೊರದ ಆಕಾರ ಬಂದಿತ್ತು. ಸಾಲಿನ ತುದಿಯಲ್ಲಿ ದಾರ ಕಡ್ಡಿಯ ಮೇಲೆ ಹಾದು ಹೋದರೆ ಒಂದೇ ಕುಣಿಕೆ ಎರಡರ ಹಾಗೆ ಕಾಣುತ್ತದೆ, ನಾನು ಎರಡನ್ನೂ ಹೆಣೆಯುತ್ತಿದ್ದೆ. ಇಡೀ ಸ್ವೆಟರಿಗೆ ಇರುವುದು ಸೀದಾ, ಉಲ್ಟಾ ಎರಡೇ ಹೆಣಿಗೆ, ಅದೂ ಒಂದನ್ನೇ ಹಿಂದಿನಿಂದ ನೋಡಿದರೆ ಇನ್ನೊಂದು. ಇಷ್ಟು ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ಕೆಳಗಿನ ಸಾಲಿನಲ್ಲಿ ತಪ್ಪಿದ್ದರೆ ಆ ಕುಣಿಕೆಯೊಂದನ್ನೇ ಏಣಿಯ ಹಾಗೆ ಕೆಳಗಿನವರೆಗೂ ಇಳಿಸಿ, ಕ್ರೋಶಾ ಕಡ್ಡಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿಕೊಂಡು ಬರಬಹುದು. ಬೇರೆಯವರ ಕಾಪಿ ತಿದ್ದುವುದೇ ಕಸುಬಾದ ನನಗೆ ಇದೊಂದು ಮಾತ್ರ ಬೇಗ ಒಲಿಯಿತು.

ಗಂಡಸಿಗ್ಯಾಕೆ ಅಂತ ಬಸ್ಸಿನಲ್ಲಿ ಕೇಳುವವರಿಗೆ ಹೇಳಲು ನನ್ನ ಹತ್ತಿರ ಒಂದು ಉದಾಹರಣೆಯಿದೆ. ಪೆರುವಿನ ಟಿಟಿಕಾಕಾ ಸರೋವರದಲ್ಲಿ ಟಕೀಲೆ ಅಂತ ದ್ವೀಪ. ಅಲ್ಲಿ ಕಡ್ಡಿಯಲ್ಲಿ ಹೆಣೆಯುವುದು ಗಂಡಸರ ಕೆಲಸ, ಮಗ್ಗ ಹೆಂಗಸರದ್ದೂ ಹೌದು. ಅವರ ನೇಯ್ಗೆ ಕಲೆಯನ್ನು 2005ರಲ್ಲೇ ಯುನೆಸ್ಕೊ ಗುರುತಿಸಿದೆ. ಕೇಳಿದವರು ‘ಹೌದಾ’ ಅಂದು ಮತ್ತೆ ನನ್ನ ಕೈಯನ್ನೇ ನೋಡುತ್ತಾರೆ.

ತೋಳಿಗೆ ಕೈ ಹಾಕಿದ್ದು ಫೆಬ್ರುವರಿಯಲ್ಲಿ. ಮೂರು ಇಂಚು ಹೆಣೆದು ಖುಷಿಯಿಂದ ಫೋನಿನ ಮುಂದೆ ಹಿಡಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ತೋರಿಸುವವಳ ಹಾಗೆ, ‘ಇಲ್ಲಿಂದ ನೀನು’ ಅಂದಳು. ನಿಜ, ಗೆರೆ ಎಳೆದ ಹಾಗಿತ್ತು. ಅವಳ ಹೆಣಿಗೆಯಲ್ಲಿ ಇಂಚಿಗೆ ಐದು ಕುಣಿಕೆ, ನನ್ನದರಲ್ಲಿ ಆರು. ಅರವತ್ತು ಕುಣಿಕೆಯ ತೋಳು ಅವಳ ಕೈಯಲ್ಲಿ ಹನ್ನೆರಡು ಇಂಚು ಸುತ್ತಳತೆಯಾದರೆ ನನ್ನ ಕೈಯಲ್ಲಿ ಹತ್ತೇ. ‘ಅಷ್ಟ್ ಬಿಗಿ ಎಳೀಬೇಡ, ದಾರ ಎಲ್ಲೂ ಓಡಿ ಹೋಗಲ್ಲ. ಬಿಚ್ಚು’ ಅಂದಳು. ಬಿಚ್ಚಿದೆ. ಮತ್ತೆ ಹೆಣೆದೆ, ಮತ್ತೆ ‘ಬಿಚ್ಚು.’ ಮೂರನೇ ಸಲ ಬಿಚ್ಚಿಸಿದಾಗ ಸಿಟ್ಟು ಬಂದು ಫೋನಿಟ್ಟುಬಿಟ್ಟೆ. ಒಂದು ವಾರ ಮಾತಾಡಲಿಲ್ಲ.

ಎಂಟನೇ ದಿನ ಅವಳೇ ಫೋನು ಮಾಡಿ, ‘ಎಂಟನೇ ನಂಬರ್ ಕಡ್ಡಿ ತಗ’ ಅಂದಳು. ಅವಳದ್ದು ಹತ್ತನೇ ನಂಬರು. ಕಡ್ಡಿಯಲ್ಲಿ ನಂಬರು ಕಮ್ಮಿ ಆದಷ್ಟೂ ಕಡ್ಡಿ ದಪ್ಪ, ಹತ್ತು ಅಂದ್ರೆ ಮೂರೂಕಾಲು ಮಿಲಿಮೀಟರು, ಎಂಟು ಅಂದ್ರೆ ನಾಲ್ಕು. ನನ್ನ ಬಿಗಿ ಕೈಗೆ ದಪ್ಪ ಕಡ್ಡಿ ಕೊಟ್ಟರೆ ಲೆಕ್ಕ ಸಮ ಆಗುತ್ತದೆ. ಆಯಿತು ಕೂಡ. ಇಂಚಿಗೆ ಸರಿಯಾಗಿ ಐದು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ‘ಕೈ ಸಡಿಲ ಆಗ್ತದೇನೋ ಅಂತ ನೋಡ್ದೆ’ ಅಂದಳು.

ಆವತ್ತು ರಾತ್ರಿ ಇಬ್ಬರಿಗೂ ನಿದ್ದೆ ಇರಲಿಲ್ಲ. ಅವಳಿಗೆ ಬೆರಳ ನೋವು, ನನಗೆ ಶಿಫ್ಟು ಮುಗಿದ ಮೇಲಿನ ಎಚ್ಚರ. ಮಾತು ಮುಗಿಯುವ ಹೊತ್ತಿಗೆ ಕೇಳಿಯೇಬಿಟ್ಟೆ. ‘ಅಮ್ಮ, ಅವತ್ತು ನಾನು ಬೇಡ ಅಂದಿದ್ದಕ್ಕೆ ಬೇಜಾರಾಗಿ ನಿಲ್ಲಿಸಿದ್ಯಾ?’

‘ಬೇಜಾರೆಂತದು? ಉಲ್ಲನ್ ಸಾಲಲಿಲ್ಲ ಮಗಾ. ಆಮೇಲೆ ಪೇಟೇಲಿ ಕೇಳಿದ್ರೆ ಅದೇ ಬಣ್ಣ ಸಿಗಲಿಲ್ಲ. ಬೇರೆ ಲಾಟಿಂದು ತಂದ್ರೆ ಬಣ್ಣ ಹೊಂದಲ್ಲ, ಮಚ್ಚೆ ಮಚ್ಚೆ ಕಾಣ್ತದೆ. ಅದಕ್ಕೇ ಇಟ್ಟೆ.’

‘ಹೌದಾ’ ಅಂದೆ.

ಟ್ರಂಕಿನ ಆ ಕವರಿನಲ್ಲಿ ಅದೇ ಬಾಟಲ್ ಗ್ರೀನಿನ ಐವತ್ತು ಗ್ರಾಮಿನ ನಾಲ್ಕು ಉಂಡೆ ಇದ್ದವು, ಸುತ್ತಿದ ಕಾಗದ ಕೂಡ ಬಿಚ್ಚಿರಲಿಲ್ಲ. ನಾಲ್ಕರ ಮೇಲೂ ಒಂದೇ ಲಾಟ್ ನಂಬರು. ಅವು ನನ್ನ ತೊಡೆಯ ಮೇಲೇ ಇದ್ದವು, ನಾನು ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದೆ.

ಮೊದಲನೇ ತೋಳು ಮುಗಿದಿದೆ. ಬೆಳೆಯುವ ಹುಡುಗ ಅಂತ ಅವಳು ಆಗಲೇ ಮೈ ಅಗಲ ಬಿಟ್ಟು ಹಾಕಿದ್ದರಿಂದ ಈ ಹೊಟ್ಟೆಗೂ ಹಿಡಿಯುವ ಹಾಗಿದೆ. ಎರಡನೆಯದು ಏಳು ಇಂಚಿಗೆ ಬಂದಿದೆ. ದಿನಾ ರಾತ್ರಿ ‘ಎಷ್ಟಾತು?’ ಅಂತ ಕೇಳುತ್ತಾಳೆ, ಹೇಳುತ್ತೇನೆ. ಕುತ್ತಿಗೆ ಪಟ್ಟಿಯೂ ಸೇರಿ ನನ್ನ ಲೆಕ್ಕದಲ್ಲಿ ಕೊನೆಗೆ ಒಂದು ಉಂಡೆ ಪೂರ್ತಿ ಉಳಿಯುತ್ತದೆ.