ಆಟದೊಳಗೆ ಜಾತಿ ತಂದವರು ಯಾರು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. 1974ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸ್ತಾರೆ. ಈಗ ಆನ್‌ಲೈನಲ್ಲೂ ಆಡ್ತಾರೆ. ನಮ್ಮಕ್ಕನ ಮಗ ಬೆಂಗಳೂರಲ್ಲಿ ಓದುವಾಗ ಈ ಹುಚ್ಚಿಗೆ ಬಿದ್ದ. ಬಯಲಾಟದಲ್ಲಿ ವೇಷ ಕಟ್ಟಿದ ತಾತನ ಮೊಮ್ಮಗ, ಬೀಳದೆ ಇರ್ತಾನಾ!

2022ರ ಆಗಸ್ಟ್‌ನಲ್ಲಿ ಈ ಆಟದ್ದು ‘ಸ್ಪೆಲ್‌ಜಾಮರ್’ ಅನ್ನೋ ಹೊಸ ಪ್ರಕಟಣೆ ಬಂತು. ಅದರಲ್ಲಿ ಹಡೋಜೀ ಅಂತ ಕೋತಿಯಂಥ ಒಂದು ಕುಲ. ಒಬ್ಬ ಮಾಂತ್ರಿಕ ಅವರನ್ನ ಹಿಡಿದು, ಮದ್ದು ಕುಡಿಸಿ ಬುದ್ಧಿ ಬರಿಸಿ, ಮಾರೋಕೆ ಹೊರಡ್ತಾನೆ. ಅವನ ಶಿಷ್ಯರು ಮನಸ್ಸು ಕರಗಿ ಬಿಡಿಸ್ತಾರೆ. ಕಪ್ಪು ಜನರನ್ನ ಕೋತಿ ಅಂತ ಕರೆದು, ಸಂತೆಯಲ್ಲಿ ಮಾರಿದ ದೇಶದಲ್ಲಿ ಈ ಕಥೆ! ಆಟಗಾರರು ಪ್ರಶ್ನೆ ಮಾಡಿದರು. ಕಂಪನಿ ಸೆಪ್ಟೆಂಬರ್ 2ಕ್ಕೆ ಕ್ಷಮೆ ಕೇಳಿ ಡಿಜಿಟಲ್ ಪ್ರತಿಯಿಂದ ಆ ಭಾಗ ತೆಗೀತು. ಆದರೆ ಪ್ರಶ್ನೆ ಮಾಡಿದವರಿಗೆ ಬೇರೆ ಆಟಗಾರರಿಂದ ಸಿಕ್ಕ ಉತ್ತರ ಏನು? ಕೋತಿ ನೋಡಿ ಕಪ್ಪು ಜನ ನೆನಪಾದರೆ ನೀನೇ ಜನಾಂಗವಾದಿ.

ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಜಾತಿ ಬಗ್ಗೆ ಮಾತಾಡೋನೇ ಜಾತಿವಾದಿ!

ಅದೇ ಚರ್ಚೆ ನೋಡಿ ನಮ್ಮ ಹುಡುಗ ತನ್ನ ಆಟದ ಗುಂಪಲ್ಲಿ ಬರೆದ: ಹುಟ್ಟಿದ ಕುಲದಿಂದಲೇ ಮನುಷ್ಯನ ಗುಣ ಅಳೆಯೋದು ನಮ್ಮಲ್ಲೂ ಇದೆ, ಒಂದ್ಸಲ ಮಾತಾಡೋಣ. ಅಷ್ಟೇ. ಮೊದಲು ಸರ್‌ನೇಮ್ ಕೇಳಿದರು. ಆಮೇಲೆ ಏಪ್ರಿಲ್ 14ರ ಮೆರವಣಿಗೆಯಲ್ಲಿ ನೀಲಿ ಶಾಲು ಹಾಕ್ಕೊಂಡಿದ್ದ ಅವನ ಫೋಟೋ ಹುಡುಕಿ ತಂದು ಹಾಕಿದರು. ದಾಳ ಉರುಳಿಸಿದಾಗಲೆಲ್ಲ "ಕೋಟಾದ ಐದು ಸೇರಿಸ್ರಪ್ಪ" ಅಂತ ನಗು. ಮಧ್ಯರಾತ್ರಿ ಗುರುತಿಲ್ಲದ ಅಕೌಂಟ್‌ಗಳಿಂದ ಬೈಗುಳ, ಅವರಮ್ಮನ ಬಗ್ಗೆಯೂ. ಕೊನೆಗೆ ಆರೋಪ ಬಂದಿದ್ದು ಇವನ ಮೇಲೆ! ಸದಸ್ಯರಿಗೆ ಕಿರುಕುಳ ಕೊಡ್ತಾನೆ, ವಾತಾವರಣ ಕೆಡಿಸ್ತಾನೆ ಅಂತ ಇವನನ್ನೇ ತೆಗೆದರು. ನಕ್ಕವರು ಇನ್ನೂ ಅಲ್ಲೇ ಇದ್ದಾರೆ.

ಇಂಥ ಆಟಗಳಲ್ಲಿ ಎಕ್ಸ್ ಕಾರ್ಡ್ ಅಂತ ಒಂದು ಪದ್ಧತಿ ಇದೆ. ಕಥೆಯಲ್ಲಿ ಏನಾದರೂ ನೋಯಿಸ್ತಿದ್ದರೆ ಆ ಕಾರ್ಡ್ ಮುಟ್ಟಿದರೆ ಸಾಕು, ಅದನ್ನ ಬಿಟ್ಟು ಮುಂದೆ ಹೋಗ್ತಾರೆ. ಯಾಕೆ ಅಂತ ಕೇಳೋ ಹಾಗಿಲ್ಲ. ಆ ಗುಂಪಲ್ಲೂ ಈ ನಿಯಮ ಇತ್ತಂತೆ. ನಮ್ಮ ಹುಡುಗ ಮುಟ್ಟಿದಾಗ ಮಾತ್ರ ಮುಟ್ಟಿದ ಕೈ ಯಾರದು ಅಂತ ನೋಡಿದರು.

ಸ್ಕ್ರೀನ್‌ಶಾಟ್‌ಗಳನ್ನೆಲ್ಲ ದಿನಾಂಕ ಸಮೇತ ಫೈಲ್ ಮಾಡಿಟ್ಟಿದ್ದೀನಿ (ಗುಮಾಸ್ತನ ಬುದ್ಧಿ, ಏನ್ ಮಾಡೋದು). ದೌರ್ಜನ್ಯ ತಡೆ ಕಾಯ್ದೆ ಆನ್‌ಲೈನ್ ಅವಮಾನಕ್ಕೂ ಅನ್ವಯಿಸುತ್ತೆ ಅಂತ ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಕೇಸ್ ಹಾಕೋಣ ಕಣೋ ಅಂದೆ.

"ಈಗ ಬೇಡ ಮಾವ. ನಂಗೆ ಆಡೋಕೆ ಜನ ಬೇಕು" ಅಂದ.

ನಾನು ಒತ್ತಾಯ ಮಾಡಲಿಲ್ಲ. ನೊಂದವನು ಅವನು, ತೀರ್ಮಾನವೂ ಅವನದೇ. ಫೈಲ್ ಅಂತೂ ಇದೆ.

ಈಗ ಭಾನುವಾರ ಸಂಜೆ ನಮ್ಮ ಹಾಸ್ಟೆಲ್ ಮಕ್ಕಳು ನಾಲ್ಕು ಜನ ಅವನ ಜೊತೆ ಕೂರ್ತಾರೆ. ಕಥೆ ಕನ್ನಡದಲ್ಲೇ ನಡೆಯುತ್ತೆ. ಇನ್ನಿಬ್ಬರಿಗೆ ಜಾಗ ಇದೆ. ನಿಮ್ಮನೆ ಮಕ್ಕಳಿಗೆ ಆಸಕ್ತಿ ಇದ್ದರೆ ಇನ್‌ಬಾಕ್ಸ್ ಮಾಡಿ. ದಾಳ ಅವನ ಹತ್ರಾನೇ ಇದೆ, ತರೋದು ಬೇಡ.

ಜೈ ಭೀಮ್.