ನಿಂತಾಗ ಬೀಳುವ ಗಾಡಿ

ಓಡುತ್ತಿರುವ ಬೈಕಿಗೆ ನಮ್ಮ ಕಾಲು ಬೇಕಾಗಿಲ್ಲ. ವೇಗ ಇರುವಷ್ಟು ಹೊತ್ತು ಗಾಡಿ ಯಾವ ಕಡೆ ವಾಲುತ್ತೋ ಆ ಕಡೆಗೆ ಹ್ಯಾಂಡಲ್ ಕೂದಲೆಳೆಯಷ್ಟು ತಿರುಗುತ್ತೆ, ಗಾಲಿ ಭಾರದ ಕೆಳಗೆ ಬಂದು ನಿಲ್ಲುತ್ತೆ, ಗಾಡಿ ನೆಟ್ಟಗಾಗುತ್ತೆ. ಕಾಲು ಬೇಕಾಗೋದು ನಿಂತಾಗ. ಮೂವತ್ತರ ಆಸುಪಾಸಿನ ನಮಗೆ ಇದು ಗೊತ್ತೇ ಆಗೋದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವಷ್ಟರಲ್ಲಿ ನಲವತ್ತು ಸಲ ಕಾಲು ಊರಿರ್ತೀವಿ, ಯಾರು ಎಣಿಸ್ತಾರೆ? ಅರವತ್ತೆಂಟರ ನಮ್ಮಪ್ಪನಿಗೆ ಆ ಕಾಲು ಒಂದೇ ಒಂದು ಸಲ ಕೈಕೊಟ್ಟಿತು.

ನಮ್ಮದು ಹುನಗುಂದ ತಾಲೂಕಿನ ಹಳ್ಳಿ. ಅಪ್ಪನ ಕಸುಬು ಸೀರೆ. ನೇಯೋದಲ್ಲ, ಹೊರೋದು. ಕಮತಗಿ, ಸೂಳೇಭಾವಿ, ಗುಳೇದಗುಡ್ಡದ ನೇಕಾರರ ಮನೆಗಳಿಂದ ಸೀರೆ, ಖಣ ಗಂಟು ಕಟ್ಟಿ ಇಳಕಲ್ಲಿನ ಅಂಗಡಿಗೆ ಮುಟ್ಟಿಸೋದು, ವಾಪಸ್ ಬರುವಾಗ ನೂಲು ತಂದು ಕೊಡೋದು. ಬನಶಂಕರಿ ಜಾತ್ರೆ ಬಂತೆಂದರೆ ಬಾದಾಮಿಯ ತನಕ ಓಡಾಟ. ಇದಕ್ಕೆಲ್ಲ 1986ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ತಗೊಂಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರು, ಎರಡೆರಡು ಸೈಲೆನ್ಸರು. ಅದು ಊರ ಹೊರಗಿನ ಹಳ್ಳ ದಾಟುವಾಗಲೇ ಸದ್ದು ಕೇಳಿ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆಮೇಲೆ ಸ್ಪೇರ್ ಹುಡುಕಿ ಹುಡುಕಿ ಸಾಕಾಗಿ ಅಪ್ಪ ಸ್ಪ್ಲೆಂಡರ್‌ಗೆ ಬಂದ.

ಹೋದ ವರ್ಷ ಶ್ರಾವಣದಲ್ಲಿ ಅಮೀನಗಡದ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದ. ನಿಲ್ಲಿಸಿದ, ಅಷ್ಟೇ. ಊರಿದ ಎಡಗಾಲಿನ ಕೆಳಗೆ ಖಡಿ ಜಾರಿತು, ಮೊಣಕಾಲು ತಡೆಯಲಿಲ್ಲ, ಹಿಂದೆ ಸೀರೆ ಗಂಟಿನ ಭಾರ ಬೇರೆ. ನೂರಾಹತ್ತು ಕೆಜಿ ಗಾಡಿ ಕಾಲ ಮೇಲೆ ಬಿತ್ತು. ಬಾಗಲಕೋಟೆಯಲ್ಲಿ ಆಪರೇಷನ್, ಮೊಣಕಾಲ ಕೆಳಗೆ ರಾಡು, ನಾಲ್ಕು ತಿಂಗಳು ಮಂಚ. ಎಲುಬು ಕೂಡಿತು, ಮೊಣಕಾಲು ಮಾತ್ರ ಮೊದಲಿನ ಹಾಗೆ ಮಡಚಲಿಲ್ಲ.

ಅವ್ವ, ಅಕ್ಕ ಇಬ್ಬರದೂ ಒಂದೇ ಮಾತು: ಇನ್ನು ಗಾಡಿ ಸಾಕು, ಬಸ್ಸಿಗೆ ಹೋಗಲಿ. ಅಪ್ಪನ ಉತ್ತರ ತಯಾರಿತ್ತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿದೆಯಲ್ಲ, ‘ಅಕಿಗೆ ಫ್ರೀ ಐತಿ. ನಾ ಟಿಕೀಟ ತಗಿಸಿ ಅಕಿ ಹಿಂದ ಅಡ್ಡಾಡ್ಲೇನು?’ ಅಂದ. ನಮ್ಮೂರಿಗೆ ಬಸ್ಸು ಬರೋದೇ ದಿನಕ್ಕೆ ಎರಡು ಸಲ. ನೇಕಾರನ ಮಗ್ಗದಿಂದ ಸೀರೆ ಇಳಿಯೋದು ಬಸ್ಸಿನ ಟೈಮ್ ನೋಡಿಕೊಂಡಲ್ಲ.

ದುಡ್ಡು ಕಳಿಸೋದು ನನಗೆ ಕಷ್ಟವಾಗಿರಲಿಲ್ಲ. ಆದರೆ ಯಾರ ಮಗ್ಗದಲ್ಲಿ ಯಾವ ಅಂಚು ನಡದೈತಿ, ಯಾರ ಮಗಳ ಮದುವೆಗೆ ಯಾವ ಬಣ್ಣ ಬೇಕಾಗೈತಿ ಅಂತ ಫೋನಿನಲ್ಲಿ ಅರ್ಧ ಗಂಟೆ ಹೇಳುತ್ತಿದ್ದ ಮನುಷ್ಯ ಈಗ ‘ಹೂಂ, ಆರಾಮ ಅದೀನಿ’ ಅಂದು ಫೋನು ಅವ್ವನ ಕೈಗೆ ಕೊಡುತ್ತಿದ್ದ. ಮೊಣಕಾಲಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದು.

‘ಯಪ್ಪಾ, ಗೇರ್ ಇಲ್ಲದ ಸ್ಕೂಟರಿಗೆ ಸೈಡ್ ವೀಲ್ ಹಾಕಿಸೋಣು’ ಅಂದೆ. ಅಪ್ಪನಿಗೆ ಸಿಟ್ಟು ಬಂತು. ‘ಕುಂಟರ ಗಾಡಿ ಅದು. ನಾ ಏನ ಕುಂಟ ಅದೀನೇನಲೇ?’ ಅಂದ. ಈ ಶಬ್ದವನ್ನು ನಮ್ಮ ಕಡೆ ಇನ್ನೂ ಯಾವ ಅಳುಕೂ ಇಲ್ಲದೆ ಆಡುತ್ತಾರೆ. ಕಣ್ಣು ಮಂಜಾದರೆ ಚಾಳೀಸು ಹಾಕಿಕೊಳ್ಳೋಕೆ ಯಾರೂ ನಾಚುವುದಿಲ್ಲ. ಗಾಡಿಗೆ ಎರಡು ಗಾಲಿ ಹೆಚ್ಚಾದರೆ ಮಾತ್ರ ಮಾನ ಹೋಗುತ್ತೆ.

ಅಪ್ಪನ ಮನಸ್ಸು ತಿರುಗಿಸಿದ್ದು ನಾನಲ್ಲ. ನಮ್ಮ ಓಣಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬ ಅಣ್ಣ ಇದ್ದಾರೆ. ಎಳೆವೆಯಲ್ಲೇ ಪೋಲಿಯೊ ಆದವರು. ಭಾರತ ಪೋಲಿಯೊಮುಕ್ತ ಅಂತ ಘೋಷಣೆ ಆಗಿದ್ದು 2014ರ ಮಾರ್ಚ್‌ನಲ್ಲಿ, ಅವರು ಹುಟ್ಟಿದ್ದು ಅದಕ್ಕೆ ಎಷ್ಟೋ ಮುಂಚೆ. ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ಲಿನಿಂದ ಶುರುಮಾಡಿ, ಈಗ ಸರ್ಕಾರ ವಿಕಲಚೇತನರಿಗೆ ಕೊಡುವ ಸೈಡ್ ವೀಲ್ ಸ್ಕೂಟರಿನಲ್ಲಿ ಓಡಾಡುತ್ತಾರೆ. ಒಂದು ಸಂಜೆ ಮನೆಗೆ ಬಂದವರು ಅಪ್ಪನಿಗೆ ಹೇಳಿದರು: ‘ಕಾಕಾ, ನನಗ ಕಾಲ ಇಲ್ಲಂತ ನಾ ಈ ಗಾಡಿ ತಗೊಂಡಿಲ್ಲ. ಇಳಕಲ್ಲಿಗೆ ಹೋಗೂದಿತ್ತು, ತಗೊಂಡೆ. ನಿಮಗೂ ಹೋಗೂದೈತೋ ಇಲ್ಲೋ ಹೇಳ್ರಿ.’

ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಮೈಲೇಜ್ ಎಷ್ಟ ಕೊಡತೈತಿ?’ ಅಂದ.

ಕಲಿಸಿದ್ದೂ ಅವರೇ. ಕಲಿಸೋದಿತ್ತು, ಯಾಕಂದರೆ ಮೂವತ್ತೆಂಟು ವರ್ಷ ಬೈಕು ಓಡಿಸಿದ ಕೈಗೆ ಈ ಗಾಡಿ ತದ್ವಿರುದ್ಧ. ಬೈಕನ್ನು ಬಲಕ್ಕೆ ತಿರುಗಿಸುವಾಗ ನಾವು ಗೊತ್ತಿಲ್ಲದೆಯೇ ಬಲ ಹಿಡಿಕೆಯನ್ನು ಒಂದು ಚೂರು ಮುಂದಕ್ಕೆ ದಬ್ಬುತ್ತೇವೆ. ಅಂದರೆ ಹ್ಯಾಂಡಲ್ ಕ್ಷಣಮಾತ್ರ ಎಡಕ್ಕೆ ಹೋಗುತ್ತೆ, ಗಾಡಿ ಬಲಕ್ಕೆ ವಾಲುತ್ತೆ, ತಿರುಗುತ್ತೆ. ಸೈಡ್ ವೀಲ್ ಗಾಡಿ ವಾಲುವುದೇ ಇಲ್ಲ. ಅದೇ ದಬ್ಬು ಕೊಟ್ಟರೆ ಸೀದಾ ಎಡಕ್ಕೆ ಹೋಗುತ್ತೆ. ಮೊದಲ ದಿನ ಅಪ್ಪ ಬಲಕ್ಕೆ ಅಂತ ಹೊರಟು ಎಡಗಡೆಯ ಜಾಲಿಕಂಟಿಯಲ್ಲಿ ಹೋಗಿ ನಿಂತ. ‘ಗಾಡಿ ವಾಲಂಗಿಲ್ಲ ಕಾಕಾ. ನೀವ ಒಳಮಗ್ಗಲಿಗೆ ವಾಲ್ರಿ’ ಅಂತ ಅಣ್ಣ ಕೂಗುತ್ತಿದ್ದರು. ತಿರುವಿನಲ್ಲಿ ಭಾರ ಹೊರಗೆ ಎಳೆಯುತ್ತೆ, ಜೋರಾಗಿ ಹೋದರೆ ಒಳಗಿನ ಗಾಲಿ ನೆಲ ಬಿಡುತ್ತೆ. ಅದಕ್ಕೇ ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು.

ಕಾಗದಪತ್ರದ ಮಾತೂ ಹೇಳಿಬಿಡ್ತೀನಿ, ನಿಮ್ಮಲ್ಲಿ ಕೆಲವರಿಗೆ ಬೇಕಾಗಬಹುದು. ಐವತ್ತೈದು ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಿಸಬೇಕು. ಗ್ಯಾರೇಜಿನಲ್ಲಿ ಗಾಲಿ ಹಾಕಿಸಿಕೊಂಡು ಬಂದರೆ ಮುಗಿಯಲಿಲ್ಲ. ಮೊದಲು ಆರ್‌ಟಿಓ ಅನುಮತಿ, ಆಮೇಲೆ ಆರ್‌ಸಿಯಲ್ಲಿ ದಾಖಲೆ, ವಿಮೆಯವರಿಗೂ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ ಮೊದಲಿದ್ದ ‘ಇನ್‌ವ್ಯಾಲಿಡ್ ಕ್ಯಾರಿಯೇಜ್’ ಅನ್ನೋ ಹೆಸರು 2019ರ ತಿದ್ದುಪಡಿಯಲ್ಲಿ ‘ಅಡಾಪ್ಟೆಡ್ ವೆಹಿಕಲ್’ ಆಯಿತು. ಆದರೆ ಅದು ದೈಹಿಕ ನ್ಯೂನತೆ ಇರುವವರಿಗೆ ಮಾತ್ರ, ಬರೀ ವಯಸ್ಸಾಗಿದೆ ಅಂದರೆ ಆಗುವುದಿಲ್ಲ. ಅಪ್ಪನಿಗೆ ಡಾಕ್ಟರ ಸರ್ಟಿಫಿಕೇಟು ಸಿಕ್ಕಿತು. ಅರ್ಜಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಏನು ಬರೆದಿದ್ದಾರೆ ಅಂತ ಎರಡು ಸಲ ಓದಿಸಿಕೊಂಡ. ಆಮೇಲೆ ಸಹಿ ಹಾಕಿದ.

ಹುಮ್ಮಸ್ಸು ಬರಲಿ ಅಂತ ಹಾರ್ಲೆ-ಡೇವಿಡ್‌ಸನ್ ಟ್ರೈ ಗ್ಲೈಡ್‌ನ ವಿಡಿಯೋ ತೋರಿಸಿದೆ. 2009ರ ಮಾದರಿಯಾಗಿ ಬಂದ ಮೂರು ಗಾಲಿಯ ಬೈಕು. ಬಿಳಿಗಡ್ಡದ ಅಜ್ಜಂದಿರು ಕಪ್ಪು ಕನ್ನಡಕ ಹಾಕಿಕೊಂಡು ಹೆದ್ದಾರಿಯಲ್ಲಿ ಹೋಗುತ್ತಿದ್ದಾರೆ. ಅಲ್ಲಿ ಅದು ಶೋಕಿ. ಅಪ್ಪ ಪೂರ್ತಿ ನೋಡಿ, ‘ಅವರದಕ್ಕ ಮೂರ ಗಾಲಿ, ನಮ್ಮದಕ್ಕ ನಾಕ. ನಾವ ಸಾವಕಾರ್ರು’ ಅಂದ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಬೈಕಿಗೆ ಒಂದೇ ಜಾಡು, ತಗ್ಗು ತಪ್ಪಿಸಿ ಗೇಣಗಲದಲ್ಲೂ ನುಸುಳಬಹುದು. ಈ ಗಾಡಿಗೆ ಮೂರು ಜಾಡು, ಒಂದು ತಪ್ಪಿಸಿದರೆ ಇನ್ನೊಂದು ತಗ್ಗಿಗೆ ಬೀಳುತ್ತೆ. ನಡುವಿನ ಗಾಲಿ ತಗ್ಗಿನ ಮೇಲೆ ತೂಗಿತೋ, ಎಂಜಿನ್ನಿನ ಎಳೆತ ಇರೋದು ಅದಕ್ಕೇ, ಗಾಲಿ ಸುಮ್ಮನೆ ತಿರುಗುತ್ತೆ, ಗಾಡಿ ಕದಲುವುದಿಲ್ಲ. ಎರಿ ಹೊಲದ ದಾರಿಯಲ್ಲಿ ಮಳೆಗಾಲ ಅಂತೂ ಆಗದ ಮಾತು. ‘ಚಕ್ಕಡಿ ಹೊಡದಂಗ ಹೊಡೀಬೇಕು’ ಅಂತಾನೆ ಅಪ್ಪ. ಹುನಗುಂದದಿಂದ ಇಳಕಲ್ಲಿಗೆ ಹೆದ್ದಾರಿಯ ಎಡ ಅಂಚು ಹಿಡಿದು ಮೂವತ್ತರ ವೇಗ ಮೀರದೆ ಹೋಗುತ್ತಾನೆ. ಬಾದಾಮಿ ದೂರವಾಯಿತು. ಈ ಸಲ ಬನಶಂಕರಿ ಜಾತ್ರೆಗೆ ಬಸ್ಸಿನಲ್ಲೇ ಹೋದ, ಟಿಕೀಟು ತೆಗೆಸಿ, ಅವ್ವನ ಹಿಂದೆ.

ಆದರೆ ಎಲ್ಲಿ ಬೇಕಾದರೂ ಕಾಲು ಊರದೆ ನಿಲ್ಲುತ್ತಾನೆ. ನೇಕಾರರ ಮನೆಕಟ್ಟೆಗೆ ಗಾಡಿ ಹಚ್ಚಿ, ಕೂತಲ್ಲಿಂದಲೇ ಸೀರೆ ಬಿಚ್ಚಿ, ಒಡಲಿಗೆ ಸೆರಗು ಕೂಡುವಲ್ಲಿ ಕೊಂಡಿ ಸರಿಯಾಗಿ ಬಿದ್ದಿದೆಯೋ ಅಂತ ಬೆರಳಾಡಿಸಿ ನೋಡುತ್ತಾನೆ. ಫೋನು ಮತ್ತೆ ಅರ್ಧ ಗಂಟೆಗೆ ಬಂದಿದೆ.

ಸ್ಪ್ಲೆಂಡರ್ ಮಾರಿದೆವು. ಕೊಂಡವನು ಕಮತಗಿ ಕಡೆಯ ಹುಡುಗ, ಇಪ್ಪತ್ತೆರಡು ಇರಬಹುದು. ಚಾವಿ ಕೊಡುವಾಗ ಅಪ್ಪ ಎಂಜಿನ್ ಬಗ್ಗೆ, ಟೈರಿನ ಬಗ್ಗೆ ಏನೂ ಹೇಳಲಿಲ್ಲ. ‘ನಿಂದರಸೂ ಮುಂದ ನೆಲಾ ನೋಡಿ ಕಾಲ ಊರು ತಮ್ಮಾ’ ಅಂದ. ಹುಡುಗ ತಲೆಯಾಡಿಸಿ, ಕಿಕ್ ಹೊಡೆದು ಹೋದ.