ಹೆತೆಲ್‌ನ ಹಗುರ ಕಾರು

ಇಂಗ್ಲೆಂಡಿನ ನಾರ್ವಿಚ್ ಬಳಿಯ ಹೆತೆಲ್, ಸಮತಟ್ಟಾದ ಹೊಲಗಳ ನಡುವಿನ ಪುಟ್ಟ ಊರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಲಿಬರೇಟರ್ ಬಾಂಬರುಗಳು ಹಾರುತ್ತಿದ್ದುದು ಇಲ್ಲಿಂದಲೇ. 1966ರಲ್ಲಿ ಲೋಟಸ್ ಕಾರ್ಖಾನೆ ಬಂತು. ವಿಮಾನಗಳ ಹಾದಿ ಕಾರುಗಳ ಪರೀಕ್ಷಾಪಥವಾಯಿತು. 1996ರಿಂದ 2021ರವರೆಗೆ ಎಲಿಸ್ ಎಂಬ ಸ್ಪೋರ್ಟ್ಸ್ ಕಾರು ಇಲ್ಲಿ ತಯಾರಾಯಿತು. ಮೊದಲ ಎಲಿಸ್‌ನ ತೂಕ ಸುಮಾರು 725 ಕಿಲೋಗ್ರಾಂ. ಮಾರುತಿ 800ಕ್ಕಿಂತ ತುಸುವೇ ಹೆಚ್ಚು!

ಇಂಥ ಕಾರು ಕೊಂಡ ಹುಡುಗರಿಗೆ ಬಿಗಿ ಸ್ಪ್ರಿಂಗ್ ಹಾಕಿಸುವ ಆಸೆ. ತಿರುವಿನಲ್ಲಿ ಕಾರು ಅಷ್ಟಾಗಿ ವಾಲದು, ನಿಜ. ಆದರೆ ಪರೀಕ್ಷಾಪಥ ಬಿಟ್ಟು ಉಬ್ಬುತಗ್ಗಿನ ಹಳ್ಳಿರಸ್ತೆಗೆ ಇಳಿದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ನೆಲ ತಾಗದ ಟೈರಿಗೆ ಹಿಡಿತವೆಲ್ಲಿ, ಬ್ರೇಕ್ ಒತ್ತಿದರೂ ಕಾರು ನಿಂತೀತೆಲ್ಲಿ? ಸ್ಪ್ರಿಂಗಿನ ಬಿಗಿತ ಇಮ್ಮಡಿಯಾದರೆ ಕಂಪನದ ಆವೃತ್ತಿ ಸುಮಾರು 1.4 ಪಟ್ಟಾಗುತ್ತದೆ. ಆ ಕಂಪನವನ್ನು ಅಡಗಿಸುವುದು ಸ್ಪ್ರಿಂಗ್ ಅಲ್ಲ, ಶಾಕ್ ಅಬ್ಸಾರ್ಬರ್‌ನೊಳಗೆ ಕಿರುರಂಧ್ರಗಳಲ್ಲಿ ನುಸುಳುವ ಎಣ್ಣೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಹಣವೂ ಹೋಯಿತು, ಹಿಡಿತವೂ ಹೋಯಿತು. ಲೋಟಸ್ ಎಂಜಿನಿಯರುಗಳು ಮೃದು ಸ್ಪ್ರಿಂಗಿಗೆ ಅಳೆದು ಸುರಿದು ಶಾಕ್ ಅಬ್ಸಾರ್ಬರ್ ಹೊಂದಿಸಿದ್ದು ಸುಮ್ಮನೆ ಅಲ್ಲ.

ಬಲ್ಲವರು ಮೊದಲು ಹೊಂದಿಸಬಲ್ಲ ಶಾಕ್ ಅಬ್ಸಾರ್ಬರ್ ಹಾಕಿಸುತ್ತಾರೆ. ಗುಂಡಿಯನ್ನು ಒಂದು 'ಟಿಕ್' ತಿರುಗಿಸಿ, ಅದೇ ಉಬ್ಬುರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿ ನೋಡುತ್ತಾರೆ.